ಬಂದಳಿಕೆಯಿಂದ ಹಿಮಾಲಯಕ್ಕೆ: ಎತ್ತರದ ಬದುಕಿನ ಬಗ್ಗೆ ನಾವು ನಂಬಿರುವ ತಪ್ಪುಗಳು

ಬಂದಳಿಕೆಯ ಶಾಂತಿನಾಥ ಬಸದಿ ನಿಂತಿರುವ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಶಿಕಾರಿಪುರ, ಸೊರಬ, ಬಳ್ಳಿಗಾವಿ, ತಾಳಗುಂದ ಎಲ್ಲವೂ ಹೆಚ್ಚುಕಡಿಮೆ ಅದೇ ಮಟ್ಟ. ಈ ಕಡೆಯ ಊರುಗಳಿಂದ ಸೈನ್ಯಕ್ಕೆ, ಗಡಿ ಪಡೆಗಳಿಗೆ, ಗಡಿ ರಸ್ತೆ ಕೆಲಸಕ್ಕೆ ಸೇರಿದ ಹುಡುಗರು ಲೇಹ್‌ಗೋ ಕಾರ್ಗಿಲ್‌ಗೋ ತವಾಂಗ್‌ಗೋ ಹೋಗುತ್ತಾರೆ. ಕೆಲವರ ಹಿಂದೆಯೇ ಹೆಂಡತಿ ಮಕ್ಕಳೂ ಹೋಗಿ ಕ್ವಾರ್ಟರ್ಸ್‌ನಲ್ಲಿ ಸಂಸಾರ ಹೂಡುತ್ತಾರೆ. ಹೊರಡುವ ದಿನ ಅಮ್ಮ ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಡುತ್ತಾಳೆ. ಊರಿನ ಹಿರಿಯರು ಒಂದೊಂದು ಬುದ್ಧಿಮಾತು ಹೇಳುತ್ತಾರೆ. ಆ ಮಾತುಗಳಲ್ಲಿ ಪ್ರೀತಿ ಇದೆ. ಆದರೆ ಹಲವು ತಪ್ಪು, ಕೆಲವಂತೂ ಜೀವಕ್ಕೇ ಎರವಾಗುವಂಥವು.

ಎತ್ತರದ ಊರಿಗೆ ಹೋಗಿ ನೆಲೆಸುವುದಕ್ಕೆ ಹೆದರಬೇಕಾಗಿಲ್ಲ. ಮೈಗೆ ಬೇಕಾದಷ್ಟು ದಿನ ಕೊಟ್ಟರೆ ಬಹುತೇಕರು ಒಗ್ಗಿಕೊಳ್ಳುತ್ತಾರೆ. ಆ ದಿನಗಳನ್ನು ಕೊಡದಂತೆ ನಮ್ಮನ್ನು ಅವಸರಕ್ಕೆ ದೂಡುವುದೇ ಈ ತಪ್ಪು ನಂಬಿಕೆಗಳು. ಅವುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: "ನಾವು ಮಲೆನಾಡಿನ ಕಡೆಯವರು, ಗುಡ್ಡ ನಮಗೆ ಹೊಸದಲ್ಲ."

ವಾಸ್ತವ: ಚಂದ್ರಗುತ್ತಿಯ ಗುಡ್ಡವನ್ನು ಎಲ್ಲೂ ಕೂರದೆ ಹತ್ತಿ ಇಳಿದವರಿಗೆ ಈ ಧೈರ್ಯ ಸಹಜ. ಆದರೆ ಲೆಕ್ಕ ನೋಡಿ. ಕೊಡಚಾದ್ರಿಯ ತುದಿ 1,343 ಮೀಟರ್. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎತ್ತರದ ಕಾಯಿಲೆಯ ಮಾತನ್ನು ವೈದ್ಯರು ಸಾಮಾನ್ಯವಾಗಿ ಶುರುಮಾಡುವುದು 2,500 ಮೀಟರ್‌ನಿಂದ. ಅಂದರೆ ಇಡೀ ಕರ್ನಾಟಕ ಆ ಗೆರೆಯ ಕೆಳಗೇ ಇದೆ. ಇಲ್ಲಿಯ ಗುಡ್ಡಗಳು ನಮ್ಮ ಕಾಲಿಗೆ ಬಲ ಕೊಟ್ಟಿವೆ, ದಮ್ಮು ಕಟ್ಟದಂತೆ ನಡೆಯುವುದನ್ನು ಕಲಿಸಿವೆ. ಕಡಿಮೆ ಒತ್ತಡದ ಗಾಳಿಯನ್ನು ಉಸಿರಾಡುವುದು ಹೇಗೆಂದು ನಮ್ಮ ರಕ್ತಕ್ಕೆ, ಮೂತ್ರಪಿಂಡಕ್ಕೆ, ಮೆದುಳಿಗೆ ಯಾವ ಗುಡ್ಡವೂ ಕಲಿಸಿಲ್ಲ. ಈ ವಿಷಯದಲ್ಲಿ ಸೊರಬದವರೂ ಒಂದೇ, ಮಂಗಳೂರಿನ ಕಡಲ ದಂಡೆಯವರೂ ಒಂದೇ.

ತಪ್ಪು ಕಲ್ಪನೆ: "ಲಡಾಖ್‌ನಲ್ಲಿ ಗಿಡಮರ ಇಲ್ಲ, ಅದಕ್ಕೇ ಅಲ್ಲಿ ಆಮ್ಲಜನಕ ಇಲ್ಲ."

ವಾಸ್ತವ: ಓದಿದವರ ಬಾಯಲ್ಲೂ ಕೇಳಿಬರುವ ಮಾತಿದು. ಹಾಗಿದ್ದರೆ ರಾಜಸ್ಥಾನದ ಮರುಭೂಮಿಯಲ್ಲಿ ಜನ ಉಸಿರುಗಟ್ಟಬೇಕಿತ್ತು, ಸಿಕ್ಕಿಂನಲ್ಲಿ 3,500 ಮೀಟರ್ ಎತ್ತರದ ದಟ್ಟ ಕಾಡಿನೊಳಗೆ ಯಾರಿಗೂ ತಲೆನೋವು ಬರಬಾರದಿತ್ತು. ಎರಡೂ ನಿಜವಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಬಂದಳಿಕೆಯಲ್ಲೂ ಲೇಹ್‌ನಲ್ಲೂ ಎವರೆಸ್ಟ್ ತುದಿಯಲ್ಲೂ ಒಂದೇ, ಶೇಕಡ 21ರ ಹತ್ತಿರ. ಬದಲಾಗುವುದು ಗಾಳಿಯ ಒತ್ತಡ.

ಕಣದಲ್ಲಿ ಒಟ್ಟಿದ ಹುಲ್ಲಿನ ಬಣವೆ ನೆನಪಿಸಿಕೊಳ್ಳಿ. ಅಡಿಯ ಹುಲ್ಲು ಮೇಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗಿರುತ್ತದೆ, ತುದಿಯದು ಸಡಿಲ. ಹುಲ್ಲು ಅದೇ, ಆದರೆ ತುದಿಯಿಂದ ತೆಗೆದ ಒಂದು ತೆಕ್ಕೆಯಲ್ಲಿ ಎಳೆಗಳು ಕಡಿಮೆ. ಗಾಳಿಯದೂ ಇದೇ ಕಥೆ. ಸಮುದ್ರದಂಡೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವನ್ನು ನೂರು ಎಂದು ಹಿಡಿದರೆ, ಬಂದಳಿಕೆಯಲ್ಲಿ ಸುಮಾರು 93, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಸುಮಾರು 65, ಎವರೆಸ್ಟ್ ತುದಿಯಲ್ಲಿ ಮೂರರಲ್ಲಿ ಒಂದು ಪಾಲು. ಊರಿನಲ್ಲಿ ಹತ್ತು ಉಸಿರಿಗೆ ಸಿಗುತ್ತಿದ್ದುದು ಲೇಹ್‌ನಲ್ಲಿ ಸಿಗಬೇಕಾದರೆ ಹದಿನಾಲ್ಕಕ್ಕೂ ಹೆಚ್ಚು ಉಸಿರು ಬೇಕು. ಲಡಾಖ್‌ನಲ್ಲಿ ಗಿಡ ನೆಡುವುದು ಒಳ್ಳೆಯ ಕೆಲಸ. ಅದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ತಪ್ಪು ಕಲ್ಪನೆ: "ಕರ್ಪೂರ ಮೂಸಿದರೆ ಆಮ್ಲಜನಕ ಸಿಗುತ್ತದೆ."

ವಾಸ್ತವ: ಕೇದಾರ, ಅಮರನಾಥ, ಮಾನಸ ಸರೋವರಕ್ಕೆ ಹೊರಟ ನಮ್ಮವರ ಸೆರಗಿನ ತುದಿಯಲ್ಲಿ, ಅಂಗಿಯ ಜೇಬಿನಲ್ಲಿ ಕರ್ಪೂರದ ಗಂಟು ಇದ್ದೇ ಇರುತ್ತದೆ. ಮೂಸಿದಾಗ ಮೂಗು ಬಿಚ್ಚಿದಂತೆ, ಉಸಿರು ಸಲೀಸಾದಂತೆ ಅನ್ನಿಸುವುದು ಸುಳ್ಳಲ್ಲ. ಕರ್ಪೂರದ ಆವಿ ಮೂಗಿನೊಳಗಿನ ತಂಪು ಗುರುತಿಸುವ ನರಗಳನ್ನು ಕೆಣಕುತ್ತದೆ. ಹೆಚ್ಚು ಗಾಳಿ ಒಳಹೋಯಿತೆಂದು ಮೆದುಳು ತಿಳಿಯುತ್ತದೆ. ಅಳೆದು ನೋಡಿದರೆ ಮೂಗಿನಲ್ಲಿ ಹಾಯುವ ಗಾಳಿ ಮೊದಲಿನಷ್ಟೇ ಇರುತ್ತದೆ, ರಕ್ತದ ಆಮ್ಲಜನಕವೂ ಅಷ್ಟೇ. ಮನಸ್ಸಿಗೆ ಹಿತ ಎಂದು ಮೂಸಿದರೆ ಅಡ್ಡಿಯಿಲ್ಲ. ಮೂಸುತ್ತಾ ಮುಂದೆ ಹತ್ತಿದರೆ ಅಪಾಯ, ಏಕೆಂದರೆ ಮೈ ಕೊಡುತ್ತಿರುವ ಎಚ್ಚರಿಕೆ ಆ ತಂಪಿನಲ್ಲಿ ಮರೆತುಹೋಗುತ್ತದೆ. ಇನ್ನೊಂದು ಮಾತು: ಕರ್ಪೂರ ನುಂಗಬಾರದು. ಚಿಕ್ಕ ಮಕ್ಕಳು ಸ್ವಲ್ಪವೇ ನುಂಗಿದರೂ ಫಿಟ್ಸ್ ಬರಬಹುದು.

ಅಂಗಡಿಯಲ್ಲಿ ಮಾರುವ ಆಮ್ಲಜನಕದ ಡಬ್ಬಿಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಸುಮ್ಮನೆ ಕೂತ ಮನುಷ್ಯನೂ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಕೆಲವೇ ಲೀಟರ್ ತುಂಬಿದ ಡಬ್ಬಿ ಎಷ್ಟು ಹೊತ್ತು ಬಂದೀತು? ಆಸ್ಪತ್ರೆಯ ಸಿಲಿಂಡರ್ ಜೀವ ಉಳಿಸುತ್ತದೆ. ಈ ಡಬ್ಬಿ ಕೊಡುವುದು ಕೆಲವು ನಿಮಿಷದ ಸಮಾಧಾನ ಮಾತ್ರ.

ತಪ್ಪು ಕಲ್ಪನೆ: "ಗಟ್ಟಿಮುಟ್ಟಾದ ಹುಡುಗರಿಗೆ ಏನೂ ಆಗುವುದಿಲ್ಲ. ಇದು ವಯಸ್ಸಾದವರ ತೊಂದರೆ."

ವಾಸ್ತವ: ಇದಕ್ಕೆ ಉತ್ತರ ನಮ್ಮ ದೇಶದ ಸೈನಿಕರಿಂದಲೇ ಬಂದಿದೆ. 1962ರ ಯುದ್ಧದ ಕಾಲದಲ್ಲಿ ತಗ್ಗಿನ ಪ್ರದೇಶಗಳಿಂದ ತರಾತುರಿಯಲ್ಲಿ ಹಿಮಾಲಯದ ಗಡಿಗೆ ಒಯ್ದ ಸೈನಿಕರಲ್ಲಿ ಅನೇಕರು ಗುಂಡು ತಗುಲದೆಯೇ ಕಾಯಿಲೆ ಬಿದ್ದರು. ತಲೆ ಸಿಡಿಯುವ ನೋವು, ವಾಂತಿ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು ಇಂಥ 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಅವರೆಲ್ಲ ಆರೋಗ್ಯ ತಪಾಸಣೆಯಲ್ಲಿ ಪಾಸಾದ, ಕವಾಯತು ಮಾಡಿ ಹುರಿಗೊಂಡ ಹರೆಯದ ಗಂಡಸರು ಎಂಬುದನ್ನು ಮರೆಯಬಾರದು.

ಕಾಯಿಲೆ ಬರುವುದು ಬಿಡುವುದು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿದಿರಿ ಎಂಬುದರ ಮೇಲೆ ನಿಂತಿದೆ. ಹುಟ್ಟಿನಿಂದ ಬಂದ ಮೈಗುಣವೂ ಸ್ವಲ್ಪ ಮಟ್ಟಿಗೆ ಸೇರುತ್ತದೆ. ತೋಳಿನ ಬಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹರೆಯದವರಿಗೆ ಒಂದು ರೀತಿಯಲ್ಲಿ ಅಪಾಯವೇ ಹೆಚ್ಚು: ಹಿರಿಯರು ಆಯಾಸವಾದರೆ ಕೂರುತ್ತಾರೆ, ಹುಡುಗರು ಪಂಥಕ್ಕೆ ಬಿದ್ದು ಏರುತ್ತಾರೆ.

ಆ ಅನುಭವದಿಂದ ಪಾಠ ಕಲಿತ ನಮ್ಮ ಸೇನೆ ಇಂದು ಯಾವ ಸೈನಿಕನನ್ನೂ ನೇರವಾಗಿ ಎತ್ತರದ ಠಾಣೆಗೆ ಕಳಿಸುವುದಿಲ್ಲ. ಸುಮಾರು 2,700ರಿಂದ 3,600 ಮೀಟರ್‌ವರೆಗಿನ ಮೊದಲ ಹಂತದಲ್ಲಿ ಆರು ದಿನ. ಅದರಲ್ಲಿ ಮೊದಲ ಎರಡು ದಿನ ಬರಿಯ ವಿಶ್ರಾಂತಿ, ಆಮೇಲೆ ಮೆಲ್ಲಗೆ ನಡಿಗೆ. ಅಲ್ಲಿಂದ 4,500 ಮೀಟರ್‌ವರೆಗೆ ಹೋಗುವುದಿದ್ದರೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲಾದರೆ ಮತ್ತೆ ನಾಲ್ಕು ದಿನ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು, ಆರು ದಿನ ಅದರಡಿ ಸಿಲುಕಿ, ಜೀವಂತ ಸಿಕ್ಕರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಪ್ರಾಣ ಬಿಟ್ಟ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಕರ್ನಾಟಕದ ಮನೆಮನೆಯೂ ಕಣ್ಣೀರು ಹಾಕಿತು. ಅಂದಿನಿಂದ ಎತ್ತರ ಎಂದರೆ ಹಿಮಕುಸಿತ, ಕೊರೆವ ಚಳಿ ಎಂಬ ಚಿತ್ರ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಲೇಹ್‌ನ ಕ್ವಾರ್ಟರ್ಸ್‌ಗೆ ಹೋಗುವ ಸಂಸಾರ ಮೊದಲು ಎದುರಿಸುವುದು ಇನ್ನೊಂದು ಅಪಾಯವನ್ನು, ಎತ್ತರದ ಕಾಯಿಲೆಯನ್ನು. ಅದು ಬಿಸಿಲು ಕಾಯುವ ಸುಂದರ ಬೆಳಗಿನಲ್ಲೂ, ಬೆಚ್ಚಗಿನ ಕೋಣೆಯಲ್ಲೂ ಬರುತ್ತದೆ.

ತಪ್ಪು ಕಲ್ಪನೆ: "ವಿಮಾನದಲ್ಲೋ ಹೆಲಿಕಾಪ್ಟರ್‌ನಲ್ಲೋ ಹೋದರೆ ಆಯಾಸವಾಗುವುದಿಲ್ಲ, ಹಾಗಾಗಿ ತೊಂದರೆಯೂ ಇಲ್ಲ."

ವಾಸ್ತವ: ಇದು ಪೂರ್ತಿ ತಿರುವುಮುರುವು. ಕಾಲಿಗೆ ಆಯಾಸ ತಪ್ಪುತ್ತದೆ ನಿಜ, ಆದರೆ ಮೈಗೆ ಬೇಕಾದ ಸಮಯವೂ ಕೈತಪ್ಪುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಹೊರಟವರು ದೆಹಲಿಯಲ್ಲಿ ವಿಮಾನ ಬದಲಿಸಿ ಬೆಳಿಗ್ಗೆ ಲೇಹ್‌ನಲ್ಲಿ ಇಳಿಯುತ್ತಾರೆ. ಇಳಿದ ಒಂದೆರಡು ಗಂಟೆ ಚೆನ್ನಾಗಿಯೇ ಇರುತ್ತಾರೆ. ಅದನ್ನೇ ನಂಬಿ ಸಾಮಾನು ಹೊತ್ತು ಮಹಡಿ ಹತ್ತುತ್ತಾರೆ, ಪೇಟೆ ಸುತ್ತುತ್ತಾರೆ. ತಲೆನೋವು ಶುರುವಾಗುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಯ ನಂತರ.

ನಿಧಾನವಾಗಿ ಏರುವ ಪಾಠ ಕೇದಾರದ ಹಳೆಯ ದಾರಿಯಲ್ಲೇ ಇದೆ. ಬಂದಳಿಕೆಯ ಸುತ್ತಿನ ನಮ್ಮ ನಾಗರಖಂಡ ಸೀಮೆಗೂ ಕೇದಾರಕ್ಕೂ ಹಳೆಯ ನಂಟಿದೆ. ಬಂದಳಿಕೆಗೆ ಹತ್ತಿರದ ಬಳ್ಳಿಗಾವಿಯ ಕೇದಾರೇಶ್ವರ ದಕ್ಷಿಣ ಕೇದಾರವೆಂದೇ ಹೆಸರಾದದ್ದು. ಇನ್ನು ಹಿಮಾಲಯದ ಕೇದಾರನಾಥದಲ್ಲಿ ರಾವಲರ, ಅಂದರೆ ಮುಖ್ಯ ಗುರುಗಳ, ಪೀಠ ಕರ್ನಾಟಕ ಮೂಲದ ವೀರಶೈವ ಜಂಗಮ ಪರಂಪರೆಯದು. ನಿತ್ಯಪೂಜೆ ಮಾಡುವ ಅರ್ಚಕರೂ ನಮ್ಮ ಕಡೆಯವರೇ. ಸಮತಟ್ಟು ನೆಲದಲ್ಲಿ ಹುಟ್ಟಿ, ವರ್ಷದ ಅರ್ಧ ಭಾಗ 3,583 ಮೀಟರ್ ಎತ್ತರದಲ್ಲಿ ಬಾಳುವ ಕನ್ನಡಿಗರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ನಿರಂತರವಾದ ಉದಾಹರಣೆ ನನಗೆ ಕಾಣದು.

ಅವರು ಮೇಲೇರುವ ಕ್ರಮವನ್ನು ಗಮನಿಸಿ. ಚಳಿಗಾಲದಲ್ಲಿ ದೇವರ ಉತ್ಸವಮೂರ್ತಿ ಇರುವುದು ಸುಮಾರು 1,300 ಮೀಟರ್ ಎತ್ತರದ ಊಖೀಮಠದಲ್ಲಿ. ಬೇಸಿಗೆಯ ಆರಂಭದಲ್ಲಿ ಡೋಲಿ ಅಲ್ಲಿಂದ ಹೊರಟು, ಗುಪ್ತಕಾಶಿ, ಫಾಟಾ, ಗೌರಿಕುಂಡಗಳ ದಾರಿಯಲ್ಲಿ ತಂಗುತ್ತಾ, ಕೆಲವು ದಿನಗಳ ಕಾಲ್ನಡಿಗೆಯಲ್ಲಿ ಕೇದಾರ ಮುಟ್ಟುತ್ತದೆ. ಕೊನೆಯ ದಿನದ ಏರು ದೊಡ್ಡದೇ. ಆದರೂ ಅಷ್ಟು ಹೊತ್ತಿಗೆ ಮೈ ಬೆಟ್ಟದ ಗಾಳಿಯಲ್ಲಿ ಕೆಲವು ರಾತ್ರಿ ಕಳೆದಿರುತ್ತದೆ. ಇಂದಿನ ಯಾತ್ರಿಕರು ಏನು ಮಾಡುತ್ತಾರೆ? ಹರಿದ್ವಾರದಿಂದ ಒಂದೇ ಸವನೆ ಬಸ್ಸಿನಲ್ಲಿ ಬಂದು, 2,000 ಮೀಟರ್ ಹತ್ತಿರದ ಗೌರಿಕುಂಡದಿಂದ ಒಂದೇ ದಿನದಲ್ಲಿ 1,600 ಮೀಟರ್ ಏರುತ್ತಾರೆ. ಹೆಲಿಕಾಪ್ಟರ್ ಹತ್ತಿದವರು ಅದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ದರ್ಶನ ಮುಗಿಸಿ ಅದೇ ದಿನ ಇಳಿದವರು ಬಚಾವಾಗುತ್ತಾರೆ. ರಾತ್ರಿ ಅಲ್ಲೇ ಉಳಿದವರಿಗೆ ಕಷ್ಟ ಕಾದಿರುತ್ತದೆ. ಹಳೆಯ ದಾರಿಯ ತಂಗುದಾಣಗಳನ್ನು ಮತ್ತೆ ಯಾತ್ರೆಯ ಭಾಗವಾಗಿಸಿದರೆ ಎಷ್ಟೋ ಜನ ಆಸ್ಪತ್ರೆ ಸೇರುವುದು ತಪ್ಪುತ್ತದೆಂದು ನಾನು ದೃಢವಾಗಿ ನಂಬುತ್ತೇನೆ.

ವೈದ್ಯರ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗುವವರು ಮೊದಲು ಲೇಹ್‌ನಲ್ಲಿ ತಂಗಿ ಮೈ ಒಗ್ಗಿಸಿಕೊಳ್ಳುತ್ತಾರೆ. ಅಲ್ಲಿಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಏರ್ಪಾಡು ಇದೆ; ನಕ್ಷತ್ರ ನೋಡಬೇಕಾದ ಪ್ರತಿಯೊಬ್ಬರೂ ಅಷ್ಟು ಎತ್ತರ ಏರಬೇಕಾಗಿಲ್ಲ.

ತಪ್ಪು ಕಲ್ಪನೆ: "ತಲೆನೋವು, ವಾಂತಿ ಬಂದರೆ ಪಿತ್ತ ಕೆರಳಿದೆ, ಹೊಟ್ಟೆ ಖಾಲಿಯಾಗಿದೆ. ಒಂದು ಮಾತ್ರೆ ನುಂಗಿ ಮುಂದೆ ನಡೆ."

ವಾಸ್ತವ: ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ಬರುವ ತಲೆನೋವು, ವಾಕರಿಕೆ, ಊಟ ಸೇರದಿರುವುದು, ಅತಿಯಾದ ಸುಸ್ತು, ಇವೆಲ್ಲವನ್ನೂ ಬೇರೆ ಕಾರಣ ಖಚಿತವಾಗುವ ತನಕ ಎತ್ತರದ ಕಾಯಿಲೆ ಎಂದೇ ಭಾವಿಸಬೇಕು. ಸೌಮ್ಯವಾಗಿದ್ದರೆ ಇರುವಲ್ಲೇ ವಿಶ್ರಾಂತಿ ಸಾಕು; ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ತಲೆನೋವಿಗೆ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಪೂರ್ತಿ ಗುಣವಾಗುವ ತನಕ ಒಂದು ಹೆಜ್ಜೆಯೂ ಮೇಲೆ ಏರಬಾರದು.

ಎರಡು ಲಕ್ಷಣಗಳು ಕಂಡರೆ ತಡಮಾಡುವಂತಿಲ್ಲ. ಒಂದು, ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಅಥವಾ ಕೆಂಪು ಮಿಶ್ರಿತ ಕಫ: ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇನ್ನೊಂದು, ಕುಡಿದವರಂತೆ ತೂರಾಡುವುದು, ಮಾತು ತೊದಲುವುದು, ಗೊತ್ತಿರುವವರ ಗುರುತು ಹತ್ತದಿರುವುದು: ಮೆದುಳು ಊದಿಕೊಳ್ಳುತ್ತಿದೆ. ಅನುಮಾನವಿದ್ದರೆ ನೆಲದ ಮೇಲೆ ಒಂದು ನೇರ ಗೆರೆಯಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ಅಡಿಯಿಡಲು ಹೇಳಿ. ಆಗದಿದ್ದರೆ ಅದೇ ಉತ್ತರ. ಎರಡಕ್ಕೂ ಮುಖ್ಯ ಔಷಧ ಕೆಳಗೆ ಇಳಿಯುವುದು, ರಾತ್ರಿಯಾದರೂ ಸರಿ, ಆಮ್ಲಜನಕ ಸಿಕ್ಕರೆ ಕೊಡುತ್ತಲೇ. ಒಂಟಿಯಾಗಿ ಕಳಿಸಬಾರದು. "ಬೆಳಗಾಗಲಿ, ನೋಡೋಣ" ಎಂದು ಮಲಗಿಸಿದವರು ಬೆಳಗಿನಲ್ಲಿ ಏಳದೆ ಹೋದ ಪ್ರಸಂಗಗಳು ಎತ್ತರದ ವೈದ್ಯರೆಲ್ಲರಿಗೂ ಗೊತ್ತು.

ತಪ್ಪು ಕಲ್ಪನೆ: "ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಹೋದರೆ ಜೀವಕ್ಕೆ ಅಪಾಯ."

ವಾಸ್ತವ: ಕೊರೊನಾ ಕಾಲದಲ್ಲಿ ಕಲಿತ ಆ ಸಂಖ್ಯೆ ತಗ್ಗಿನ ಊರುಗಳದು. ಲೇಹ್‌ಗೆ ಹೊಸದಾಗಿ ಬಂದ ಆರೋಗ್ಯವಂತರಲ್ಲೂ 85ರಿಂದ 90 ಕಾಣುವುದು ಸಾಮಾನ್ಯ. ಸಂಖ್ಯೆಗಿಂತ ಮನುಷ್ಯನನ್ನು ನೋಡಬೇಕು. 86 ಇದ್ದೂ ನಗುತ್ತಾ ಉಣ್ಣುತ್ತಿದ್ದರೆ ಗಾಬರಿ ಬೇಡ. ಸಂಖ್ಯೆ ಚೆನ್ನಾಗಿದ್ದೂ ತೂರಾಡುತ್ತಿದ್ದರೆ ಇಳಿಸಬೇಕು.

ತಪ್ಪು ಕಲ್ಪನೆ: "ಡಯಾಮಾಕ್ಸ್ ಮಾತ್ರೆ ಕಾಯಿಲೆಯನ್ನು ಮುಚ್ಚಿಡುತ್ತದೆ." ಇದರ ಜೊತೆಗೇ ಎದುರು ಮಾತೂ ಇದೆ: "ಮಾತ್ರೆ ನುಂಗಿದರೆ ಎಷ್ಟು ಬೇಗ ಬೇಕಾದರೂ ಏರಬಹುದು."

ವಾಸ್ತವ: ಎರಡೂ ಸರಿಯಲ್ಲ. ಎತ್ತರದಲ್ಲಿ ನಾವು ಹೆಚ್ಚು ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮೆದುಳು ಉಸಿರನ್ನು ತಡೆಯಲು ನೋಡುತ್ತದೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ಇದನ್ನು ಸರಿಪಡಿಸಲು ಕೆಲವು ದಿನ ಬೇಕು. ಅಸಿಟಾಜೊಲಮೈಡ್, ಅಂದರೆ ಡಯಾಮಾಕ್ಸ್, ಆ ಕೆಲಸವನ್ನೇ ಬೇಗ ಮಾಡಿಸುತ್ತದೆ. ಒಗ್ಗಿಕೊಳ್ಳುವುದಕ್ಕೆ ನೆರವಾಗುತ್ತದೆಯೇ ಹೊರತು ಏನನ್ನೂ ಮುಚ್ಚಿಡುವುದಿಲ್ಲ. ಬೆರಳ ತುದಿ ಜುಮ್ಮೆನ್ನುವುದು, ಮೂತ್ರ ಹೆಚ್ಚುವುದು ಅದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧಿ ಆಗದವರು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ತೆಗೆದುಕೊಂಡವರೂ ನಿಧಾನವಾಗಿಯೇ ಏರಬೇಕು.

ನೀರಿನದೂ ಹೀಗೇ. ಒಣ ಹವೆಯಲ್ಲಿ ಬಾಯಾರಿಕೆಗೆ ತಕ್ಕಷ್ಟು, ಸ್ವಲ್ಪ ಹೆಚ್ಚೇ ಕುಡಿಯುವುದು ಸರಿ. ಕೊಡಗಟ್ಟಲೆ ಕುಡಿದರೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ಸುಳ್ಳು. ರಕ್ತದ ಸೋಡಿಯಂ ಇಳಿದು ಬೇರೆಯೇ ಅಪಾಯ ಬರಬಹುದು. ಚಳಿಗೆ ರಮ್ಮು, ಬ್ರಾಂದಿ ಎಂಬ ಮಾತು ಇನ್ನೂ ಕೆಟ್ಟದ್ದು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಮೈಯ ಬಿಸಿಯನ್ನು ಹೊರಗೆ ಚೆಲ್ಲುತ್ತದೆ, ನಿದ್ದೆಯಲ್ಲಿ ಉಸಿರನ್ನು ಕುಗ್ಗಿಸುತ್ತದೆ. ನಿದ್ದೆ ಮಾತ್ರೆಗೂ ಇದೇ ಎಚ್ಚರಿಕೆ.

ತಪ್ಪು ಕಲ್ಪನೆ: "ರಾತ್ರಿ ಉಸಿರು ನಿಂತು ಎಚ್ಚರವಾಗುತ್ತದೆ, ಹೃದಯಕ್ಕೆ ಏನೋ ಆಗಿದೆ."

ವಾಸ್ತವ: ಹೊಸಬರಲ್ಲಿ ನಿದ್ದೆಯ ಉಸಿರು ಏರುತ್ತಾ ಹೋಗಿ, ಇಳಿದು, ಕೆಲವು ಕ್ಷಣ ನಿಂತು, ಮತ್ತೆ ದೊಡ್ಡ ಉಸಿರಿನಿಂದ ಶುರುವಾಗುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಎದೆ ಝಲ್ಲೆನ್ನುತ್ತದೆ. ಮೇಲೆ ಹೇಳಿದ ರಕ್ತದ ಏರುಪೇರೇ ಇದಕ್ಕೆ ಕಾರಣ, ಬಹುಮಟ್ಟಿಗೆ ಅಪಾಯವಿಲ್ಲ. ದಿನ ಕಳೆದಂತೆ ನಿದ್ದೆ ಸುಧಾರಿಸುತ್ತದೆ.

ತಪ್ಪು ಕಲ್ಪನೆ: "ಚಳಿಗೆ ಬೇಳೆ ಬೇಯುವುದಿಲ್ಲ. ಅಲ್ಲಿ ನೀರು ಕುದಿಸಿದರೂ ಕ್ರಿಮಿ ಸಾಯುವುದಿಲ್ಲ."

ವಾಸ್ತವ: ಹೊಸ ಸಂಸಾರ ಹೂಡಿದ ನಮ್ಮ ಹೆಣ್ಣುಮಕ್ಕಳು ಮೊದಲ ವಾರ ಒಲೆಯ ಮುಂದೆ ಪಡುವ ಪಾಡಿಗೆ ಚಳಿ ಕಾರಣವಲ್ಲ. ಎತ್ತರ ಏರಿದಂತೆ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿಯಂತೆ ನೀರು ಕುದಿಯುವ ಬಿಸಿ ಇಳಿಯುತ್ತದೆ. ಬಂದಳಿಕೆಯಲ್ಲಿ 98 ಡಿಗ್ರಿಗೆ ಕುದಿಯುವ ನೀರು ಲೇಹ್‌ನಲ್ಲಿ ಸುಮಾರು 88ಕ್ಕೆ, ಹಾನ್ಲೆಯಲ್ಲಿ 85ಕ್ಕೇ ಕುದಿಯುತ್ತದೆ. ಎಷ್ಟೇ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ತೊಗರಿಬೇಳೆ, ಹುರುಳಿ, ಕಡಲೆ ಗಂಟೆಗಟ್ಟಲೆ ಕುದಿದರೂ ಕಲ್ಲಾಗಿಯೇ ಉಳಿಯುತ್ತವೆ. ಕುಕ್ಕರ್ ಅಲ್ಲಿ ಅಡುಗೆಮನೆಯ ಯಜಮಾನ. ಊರಿಗಿಂತ ಒಂದೆರಡು ಕೂಗು ಹೆಚ್ಚು ಹಾಕಿಸಿ, ಕಾಳುಗಳನ್ನು ರಾತ್ರಿಯೇ ನೆನೆಸಿಡಿ. ಹೆಂಚಿನ ಬಿಸಿಗೆ ಈ ಮಿತಿ ಇಲ್ಲದ್ದರಿಂದ ರೊಟ್ಟಿ, ದೋಸೆಗೆ ತೊಂದರೆಯಿಲ್ಲ. ಇಡ್ಲಿ ಹಿಟ್ಟು ಹುಳಿಬರದಿರುವುದಕ್ಕೆ ಮಾತ್ರ ಚಳಿಯೇ ಕಾರಣ. ಬೆಚ್ಚಗಿನ ಕೋಣೆಯಲ್ಲಿ ಕಂಬಳಿ ಹೊದಿಸಿ ಇಟ್ಟರೆ ಉಬ್ಬುತ್ತದೆ.

ಕುಡಿಯುವ ನೀರಿನ ಬಗ್ಗೆ ಚಿಂತೆ ಬೇಡ. ರೋಗ ತರುವ ಕ್ರಿಮಿಗಳು 85 ಡಿಗ್ರಿಯಲ್ಲೂ ಸಾಯುತ್ತವೆ. ಅಷ್ಟು ಎತ್ತರದಲ್ಲಿ ಮೂರು ನಿಮಿಷ ಮರಳಿಸಿದರೆ ಸಾಕು.

ಒಲೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಲಡಾಖ್‌ನ ಮನೆಗಳಲ್ಲಿ ಚಳಿಗೆ ಬುಖಾರಿ ಎಂಬ ಕೋಣೆ ಕಾಯಿಸುವ ಒಲೆ ಉರಿಸುತ್ತಾರೆ. ಕೆಲವರು ಇದ್ದಿಲ ಅಗ್ಗಿಷ್ಟಿಕೆಯನ್ನೇ ಕೋಣೆಯೊಳಗೆ ಇಟ್ಟು, ಸಂದುಗೊಂದು ಮುಚ್ಚಿ ಮಲಗುತ್ತಾರೆ. ಅದರಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ತರುವ ತಲೆನೋವು ಎತ್ತರದ ತಲೆನೋವಿನಂತೆಯೇ ಇರುತ್ತದೆ. ಹೊಗೆ ಕೊಳವೆ ಹೊರಗೆ ಹೋಗಿದೆಯೇ ನೋಡಿಕೊಳ್ಳಿ, ಕಿಟಕಿ ಸ್ವಲ್ಪ ತೆರೆದಿಡಿ, ಮಲಗುವ ಮುನ್ನ ಬೆಂಕಿ ಆರಿಸಿ.

ತಪ್ಪು ಕಲ್ಪನೆ: "ಇಷ್ಟು ಚಳಿಯಲ್ಲಿ ಬಿಸಿಲು ಏನು ಮಾಡೀತು?"

ವಾಸ್ತವ: ಪ್ರತಿ 1,000 ಮೀಟರ್‌ಗೆ ನೇರಳಾತೀತ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರ ಬಹುಪಾಲನ್ನು ಮತ್ತೆ ಮುಖಕ್ಕೇ ಹೊಡೆಯುತ್ತದೆ. ಕಪ್ಪು ಕನ್ನಡಕ ಅಲ್ಲಿ ಶೋಕಿಗಲ್ಲ. ಶಾಲೆಗೆ ಹೋಗುವ ಮಕ್ಕಳಿಗೂ ಬೇಕು.

ತಪ್ಪು ಕಲ್ಪನೆ: "ಒಂದು ಸಲ ಒಗ್ಗಿದರೆ ಆಯಿತು, ಮುಂದೆ ಎಂದೂ ತೊಂದರೆಯಿಲ್ಲ."

ವಾಸ್ತವ: ಊರಿನಿಂದ ದೂರ ಇರುವವರೆಲ್ಲ ಇದನ್ನು ಗಟ್ಟಿಯಾಗಿ ತಿಳಿಯಬೇಕು. ದೀಪಾವಳಿಗೋ ತಂಗಿಯ ಮದುವೆಗೋ ರಜೆ ಹಾಕಿ ಊರಿಗೆ ಬಂದು ಕೆಲವು ವಾರ ಉಳಿದರೆ ಸಾಕು, ಗಳಿಸಿದ ಒಗ್ಗುವಿಕೆ ಬಹುಪಾಲು ಕರಗುತ್ತದೆ. ಹಿಂದಿರುಗುವಾಗ ಮೈ ಮತ್ತೆ ಹೊಸಬರ ಮೈ. ಎತ್ತರದಲ್ಲಿ ವರ್ಷಗಳಿಂದ ಇದ್ದವರಿಗೂ ತಗ್ಗಿನಿಂದ ಮರಳಿದ ಮೊದಲ ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಅದರಲ್ಲೂ ಮಕ್ಕಳಿಗೆ. ರಜೆ ಮುಗಿಸಿ ಬಂದ ಸೈನಿಕರನ್ನು ಸೇನೆ ಮತ್ತೆ ಒಗ್ಗಿಸುವುದು ಇದಕ್ಕಾಗಿಯೇ. ಖಾಸಗಿ ಕಂಪನಿಯವರಿಗೆ, ಬ್ಯಾಂಕಿನವರಿಗೆ, ಮೇಷ್ಟ್ರುಗಳಿಗೆ ಅಂಥ ಕಟ್ಟಳೆಯಿಲ್ಲ, ತಾವೇ ವಿಧಿಸಿಕೊಳ್ಳಬೇಕು. ರಜೆಯ ಕೊನೆಯ ದಿನದ ತನಕ ಊರಲ್ಲಿದ್ದು ಮರುದಿನವೇ ಡ್ಯೂಟಿಗೆ ನಿಲ್ಲುವ ಲೆಕ್ಕಾಚಾರ ಬಿಡಿ.

ತಪ್ಪು ಕಲ್ಪನೆ: "ಹತ್ತು ವರ್ಷ ಇದ್ದರೆ ನಾವೂ ಅಲ್ಲಿಯವರಂತೆಯೇ ಆಗುತ್ತೇವೆ. ರಕ್ತ ಹೆಚ್ಚಾದಷ್ಟೂ ಒಳ್ಳೆಯದು."

ವಾಸ್ತವ: ಸೊರಬದಿಂದ ಬನವಾಸಿ ದಾಟಿ ಮುಂದೆ ಹೋದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಶುರುವಾಯಿತು; ನಮ್ಮ ಊರುಗಳಿಂದ ಜನ ಅಲ್ಲಿಯ ಬೌದ್ಧ ಮಠಗಳನ್ನು ನೋಡಲು ಹೋಗುತ್ತಾರೆ. ನಾವು ಮೇಲೆ ಹೋಗುವ ದಾರಿಯಲ್ಲಿ ಅವರು ಕೆಳಗೆ ಬಂದವರು. ಸಾವಿರಾರು ವರ್ಷ ಎತ್ತರದಲ್ಲಿ ಬಾಳಿದ ಆ ಜನಾಂಗದ ಮೈಯಲ್ಲಿ ಒಂದು ವಿಶೇಷವಿದೆ ಎಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು: ಇಪಿಎಎಸ್1 ಎಂಬ ಜೀನ್‌ನ ಬೇರೆ ರೂಪ. ಅದರಿಂದಾಗಿ ಎತ್ತರದಲ್ಲೂ ಅವರ ಹಿಮೊಗ್ಲೋಬಿನ್ ಅತಿಯಾಗಿ ಏರುವುದಿಲ್ಲ. ಆ ಜೀನ್ ರೂಪ ಡೆನಿಸೋವನ್ ಎಂಬ ಪ್ರಾಚೀನ ಮಾನವರಿಂದ ಬಂದದ್ದೆಂದು 2014ರಲ್ಲಿ ತಿಳಿಯಿತು.

ನಮ್ಮಂಥವರ ಮೈ ಹಿಡಿಯುವ ದಾರಿ ಬೇರೆ. ವಾರಗಳು ಕಳೆದಂತೆ ನಮ್ಮ ಕೆಂಪು ರಕ್ತಕಣ ಹೆಚ್ಚುತ್ತದೆ. ಒಂದು ಮಿತಿಯ ತನಕ ಅದು ಅನುಕೂಲ. ಮಿತಿ ಮೀರಿದರೆ ರಕ್ತ ಮಂದವಾಗಿ, ತಲೆಭಾರ, ತುಟಿ ನೀಲಿಯಾಗುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ತೊಂದರೆಗಳು ಬರುತ್ತವೆ. ಪೆರು ದೇಶದ ವೈದ್ಯ ಕಾರ್ಲೋಸ್ ಮೋಂಗೆ ಆಂಡಿಸ್ ಪರ್ವತಗಳಲ್ಲಿ ಬಾಳುವವರಲ್ಲಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಆ ಕಾಯಿಲೆಗೆ ಬಂತು. ಎತ್ತರದಲ್ಲಿ ವರ್ಷಗಟ್ಟಲೆ ಇರುವವರು ವರ್ಷಕ್ಕೊಮ್ಮೆ ಹಿಮೊಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಜಾಣತನ.

ತಪ್ಪು ಕಲ್ಪನೆ: "ದಮ್ಮು ಇದ್ದವರು, ಬಿಪಿ ಇದ್ದವರು ಅತ್ತ ತಲೆಹಾಕಬಾರದು."

ವಾಸ್ತವ: ಹತೋಟಿಯಲ್ಲಿರುವ ಅಸ್ತಮಾ, ಹತೋಟಿಯಲ್ಲಿರುವ ರಕ್ತದೊತ್ತಡ ಸಾಮಾನ್ಯವಾಗಿ ಅಡ್ಡಿಯಲ್ಲ, ಒಣ ಹವೆಯಲ್ಲಿ ದೂಳುಹುಳ ಕಡಿಮೆಯಾದ್ದರಿಂದ ಕೆಲವು ಅಸ್ತಮಾ ರೋಗಿಗಳಿಗೆ ಹಿತವೇ ಆಗುತ್ತದೆ. ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿರುವವರು, ಹೃದಯ ಸೋತವರು, ಸಿಕಲ್ ಸೆಲ್ ಕಾಯಿಲೆಯವರು ಮಾತ್ರ ವೈದ್ಯರು ಒಪ್ಪದೆ ಹೋಗಲೇಬಾರದು. ಬಸುರಿಯರು, ಹಸುಗೂಸಿನ ತಾಯಂದಿರೂ ಮೊದಲೇ ಕೇಳಬೇಕು.

ಮನೆಯಲ್ಲಿ ಉಳಿದವರಲ್ಲಿ ನನ್ನದೊಂದು ಕೋರಿಕೆ. ಲೇಹ್ ಮುಟ್ಟಿದ ಮಗನೋ ಸೊಸೆಯೋ ಫೋನ್ ಮಾಡಿದಾಗ "ಎಲ್ಲ ನೋಡಿದೆಯಾ, ಕೆಲಸಕ್ಕೆ ಸೇರಿದೆಯಾ" ಎಂದು ಅವಸರಪಡಿಸಬೇಡಿ. "ಇವತ್ತು ಮಲಗಿಕೋ, ನಾಳೆಯೂ ಮಲಗಿಕೋ, ತಲೆನೋವು ಇದೆಯಾ ಹೇಳು" ಎನ್ನಿ. ಮಾತು ತೊದಲುತ್ತಿದ್ದರೆ, ಮಾತಿನ ನಡುವೆ ಏದುಸಿರು ಕೇಳಿಸಿದರೆ, ಪಕ್ಕದಲ್ಲಿರುವವರ ಕೈಗೆ ಫೋನ್ ಕೊಡಿಸಿ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಟಿಕೆಟ್ ಮಾಡಿಸುವಾಗಲೇ ಕೆಲಸಕ್ಕೆ ಸೇರುವ ದಿನಕ್ಕಿಂತ ಕನಿಷ್ಠ ಮೂರು ದಿನ ಮೊದಲು ಮುಟ್ಟುವಂತೆ ಮಾಡಿಸಿ.